ಸ್ಟಾರ್ಟ್, ಶುರು, ಆರಂಬ

ಒಂದು ದಿನದಲ್ಲಿ ನಾವು ಎಷ್ಟು ಸಲ ‘ಸ್ಟಾರ್ಟ್’ ಅನ್ನುತ್ತೇವೆ ಎಂದು ಎಣಿಸಿ ನೋಡಿದ್ದೀರಾ? ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಬೇಕು. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ‘ನೀವು ಮೀಟಿಂಗ್ ಸ್ಟಾರ್ಟ್ ಮಾಡಿ, ಬಂದೆ’ ಎಂದು ಫೋನು ಮಾಡಬೇಕು. ಮಧ್ಯಾಹ್ನ ಟೀಮಿನವರ ಜೊತೆ ಊಟಕ್ಕೆ ಹೋದರೆ ‘ಸ್ಟಾರ್ಟರ್ಸ್ ಏನು ಹೇಳಲಿ?’ ಎಂಬ ಚರ್ಚೆ. ಸಂಜೆ ಮನೆಗೆ ಬಂದರೆ ಮಗಳ ಪರೀಕ್ಷೆ ಎಂದು ಸ್ಟಾರ್ಟ್ ಎಂಬ ವಿಚಾರಣೆ. ಕನ್ನಡ ಮಾತಾಡುವ ಮನೆಯಲ್ಲೇ ಇಷ್ಟು. ಇನ್ನು ನನ್ನ ಕೆಲಸವೋ ಪ್ರಾಜೆಕ್ಟ್ ಮ್ಯಾನೇಜರನದು. ನನ್ನ ಹಾಳೆಯಲ್ಲಿ ಪ್ರತಿ ಕೆಲಸದ ಮುಂದೆಯೂ ಒಂದು ಸ್ಟಾರ್ಟ್ ಡೇಟ್ ಇರುತ್ತದೆ, ಅದರ ಪಕ್ಕದಲ್ಲಿ ಸ್ಟೇಟಸ್: ‘ನಾಟ್ ಸ್ಟಾರ್ಟೆಡ್’, ‘ಇನ್ ಪ್ರೋಗ್ರೆಸ್’, ‘ಕಂಪ್ಲೀಟೆಡ್’. ಇಪ್ಪತ್ತು ವರ್ಷದಿಂದ ಈ ಮೂರು ಖಾನೆಗಳಲ್ಲೇ ನನ್ನ ಅನ್ನ ಹುಟ್ಟುತ್ತಿದೆ.

ಇಷ್ಟು ಬಳಸುವ ಪದದ ಬಗ್ಗೆ ಯೋಚಿಸಲು ಈ ವರ್ಷ ಒಂದು ಕಾರಣ ಸಿಕ್ಕಿತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಪದವನ್ನೇ ಸ್ವಲ್ಪ ಬಿಚ್ಚಿ ನೋಡೋಣ.

ಕನ್ನಡದಲ್ಲಿ ‘ಸ್ಟಾರ್ಟ್’ ಎಲ್ಲಿ ಬೇರು ಬಿಟ್ಟಿದೆ ಎಂದು ಗಮನಿಸಿದರೆ ಒಂದು ಕ್ರಮ ಕಾಣುತ್ತದೆ. ಎಂಜಿನ್ ಇರುವ ಕಡೆ ಅದು ಗಟ್ಟಿಯಾಗಿ ಕೂತಿದೆ. ‘ಗಾಡಿ ಸ್ಟಾರ್ಟ್ ಮಾಡು’ ಅನ್ನುತ್ತೇವೆ, ‘ಗಾಡಿ ಆರಂಭಿಸು’ ಅಂದರೆ ಯಾರೂ ಕೀಲಿ ತಿರುಗಿಸುವುದಿಲ್ಲ. ನಮ್ಮೂರು ನಾಗಮಂಗಲದ ಕಡೆ ಇಂಗ್ಲಿಷಿನ ಗಂಧವೇ ಇಲ್ಲದ ಅಜ್ಜಿಯರೂ ‘ಮೋಟರ್ ಸ್ಟಾರ್ಟ್ ಮಾಡ್ಲಾ, ನೀರ್ ಬರ್ಲಿ’ ಅನ್ನುತ್ತಾರೆ. ಪಂಪ್‌ಸೆಟ್ ಮನೆಯ ಗೋಡೆಗೆ ಹೊಡೆದಿರುವ ಕಬ್ಬಿಣದ ಡಬ್ಬಿಯ ಹೆಸರೇ ಸ್ಟಾರ್ಟರ್. ಹಸಿರು ಗುಂಡಿ ಒತ್ತಿದರೆ ಮೋಟರ್ ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ.

ಆ ಡಬ್ಬಿ ಯಾಕೆ ಬೇಕು ಎಂಬುದು ನನಗೆ ಎಂಜಿನಿಯರಿಂಗ್ ಓದುವಾಗ ಅರ್ಥವಾಯಿತು. ನಿಂತ ಮೋಟರಿಗೆ ನೇರವಾಗಿ ಪೂರ್ತಿ ವೋಲ್ಟೇಜ್ ಕೊಟ್ಟರೆ, ಅದು ಭಾರ ಹೊತ್ತು ಓಡುವಾಗ ಎಳೆಯುವುದಕ್ಕಿಂತ ಐದಾರು ಪಟ್ಟು ಹೆಚ್ಚು ಕರೆಂಟನ್ನು ಆ ಕೆಲವು ಕ್ಷಣ ಎಳೆಯುತ್ತದೆ. ದೊಡ್ಡ ಮೋಟರುಗಳಿಗೆ ಹಾಕುವ ಸ್ಟಾರ್-ಡೆಲ್ಟಾ ಸ್ಟಾರ್ಟರು ಮೊದಲು ಸುರುಳಿಗಳನ್ನು ಸ್ಟಾರ್ ಕ್ರಮದಲ್ಲಿ ಜೋಡಿಸಿ, ಲೈನಿನಿಂದ ಎಳೆಯುವ ಕರೆಂಟನ್ನು ಮೂರನೇ ಒಂದು ಭಾಗಕ್ಕೆ ಇಳಿಸುತ್ತದೆ. ಮೋಟರ್ ವೇಗ ಹಿಡಿದ ಮೇಲೆ ಡೆಲ್ಟಾಕ್ಕೆ ಬದಲಾಯಿಸುತ್ತದೆ. ಅಂದರೆ ಯಂತ್ರದ ಬದುಕಿನಲ್ಲಿ ಸ್ಟಾರ್ಟ್ ಎನ್ನುವುದು ಬೇರೆಯೇ ಒಂದು ಗಂಡಾಂತರ. ಅದನ್ನು ದಾಟಿಸಲು ಬೇರೆಯೇ ಒಬ್ಬ ಆಳು ಬೇಕು.

ಹಳೆಯ ಟ್ಯೂಬ್‌ಲೈಟಿನ ಸ್ಟಾರ್ಟರ್ ನೆನಪಿದೆಯೇ? ಬೆರಳುದ್ದದ ಬಿಳಿ ಡಬ್ಬಿ. ಲೈಟು ಮಿಣಮಿಣ ಅಂದರೆ ಸ್ಟೂಲು ಹತ್ತಿ ಅದನ್ನು ತಿರುಗಿಸುತ್ತಿದ್ದೆವು. ಒಮ್ಮೆ ಟ್ಯೂಬು ಹೊತ್ತಿಕೊಂಡ ಮೇಲೆ ಆ ಸ್ಟಾರ್ಟರನ್ನು ಕಿತ್ತುಕೊಂಡು ಹೋದರೂ ಬೆಳಕು ಆರುವುದಿಲ್ಲ. ನಮ್ಮ ಕಡೆ ಹಾಸ್ಟೆಲುಗಳಲ್ಲಿ ಒಂದೇ ಸ್ಟಾರ್ಟರಿನಿಂದ ನಾಲ್ಕು ರೂಮಿನ ಲೈಟು ಹೊತ್ತಿಸಿಕೊಂಡು ಓದಿದವರಿದ್ದಾರೆ. ಈಗ ಪ್ರಾಜೆಕ್ಟುಗಳ ಕಿಕಾಫ್ ಮೀಟಿಂಗಿನಲ್ಲಿ ಸೂಟು ಹಾಕಿಕೊಂಡು ಬಂದು, ಭಾಷಣ ಮಾಡಿ, ಆಮೇಲೆ ಮುಖ ತೋರಿಸದ ದೊಡ್ಡವರನ್ನು ಕಂಡಾಗಲೆಲ್ಲ ನನಗೆ ಆ ಬಿಳಿ ಡಬ್ಬಿ ನೆನಪಾಗುತ್ತದೆ. ಅವರೂ ಬೇಕು. ಅವರಿಲ್ಲದೆ ಹೊತ್ತಿಕೊಳ್ಳುವುದಿಲ್ಲ. ಆದರೆ ಉರಿಯುವುದು ಬೇರೆಯವರು.

ಇಂಗ್ಲಿಷಿನಲ್ಲಿ ಈ ಪದದ ಹಳೆಯ ಅರ್ಥ ಇನ್ನೂ ಸ್ವಾರಸ್ಯದ್ದು. ಮೊದಲಿಗೆ ‘ಸ್ಟಾರ್ಟ್’ ಅಂದರೆ ತಟ್ಟನೆ ನೆಗೆಯುವುದು, ಬೆಚ್ಚಿಬೀಳುವುದು. ಮೊಲ ಪೊದೆಯಿಂದ ಚಂಗನೆ ಹಾರುವುದು, ನಿದ್ದೆಯಲ್ಲಿದ್ದವನು ದಿಢೀರನೆ ಎದ್ದು ಕೂರುವುದು. ‘ಸ್ಟಾರ್ಟಲ್’ ಎಂಬ ಪದ ಅದೇ ಮನೆಯದು. ಪ್ರಯಾಣ ಹೊರಡುವುದು, ಕೆಲಸ ಶುರುಮಾಡುವುದು ಎಂಬ ಅರ್ಥಗಳು ನಿಧಾನವಾಗಿ ಆಮೇಲೆ ಸೇರಿಕೊಂಡವು. ಹಾಗಾಗಿ ಈ ಪದದ ಹೊಟ್ಟೆಯೊಳಗೆ ಇಂದಿಗೂ ಒಂದು ನೆಗೆತ ಇದೆ. ನಿಂತಿದ್ದದ್ದು ಅಲುಗಿತು, ಅಷ್ಟೇ. ಅಲುಗಿದ್ದು ಆಮೇಲೆ ಎಲ್ಲಿಗೆ ಹೋಯಿತು ಎಂಬುದು ‘ಸ್ಟಾರ್ಟ್’ ಪದದ ಜವಾಬ್ದಾರಿ ಅಲ್ಲ.

ಅದರ ಅಕ್ಕಪಕ್ಕದ ಮನೆಗಳಲ್ಲಿ ‘ಬಿಗಿನ್’ ಇದೆ, ‘ಕಮೆನ್ಸ್’ ಇದೆ, ‘ಇನಿಷಿಯೇಟ್’ ಇದೆ. ನಿಘಂಟು ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಕೊಡುತ್ತದೆ, ಬಳಕೆ ಕೊಡುವುದಿಲ್ಲ. ಕಾರನ್ನು ಸ್ಟಾರ್ಟ್ ಮಾಡಬಹುದು, ಬಿಗಿನ್ ಮಾಡಲಾಗದು. ಕಥೆ ಬಿಗಿನ್ ಆದರೆ ಚೆಂದ. ‘ಕಮೆನ್ಸ್’ ಫ್ರೆಂಚರ ಕಡೆಯಿಂದ ಬಂದದ್ದು, ಈಗ ಟೆಂಡರಿನಲ್ಲೂ ಕರಾರು ಪತ್ರದಲ್ಲೂ ಮಾತ್ರ ಕೋಟು ಹಾಕಿಕೊಂಡು ಕೂತಿರುತ್ತದೆ. ‘ಇನಿಷಿಯೇಟ್’ ಎಂಬುದರ ಮೂಲ ಲ್ಯಾಟಿನ್, ಅರ್ಥ ಒಳಗೆ ಹೋಗುವುದು. ನಮ್ಮ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಪಠ್ಯಗಳಲ್ಲಿ ಮೊದಲ ಹಂತಕ್ಕೆ ಇಟ್ಟಿರುವ ಹೆಸರು ‘ಇನಿಷಿಯೇಟಿಂಗ್’. ಒಳಗೆ ಹೋಗುವುದು ಎಂದು ನೆನಪಿಟ್ಟುಕೊಂಡರೆ ಅದೊಂದು ಗೃಹಪ್ರವೇಶ. ಆದರೆ ಯಾರೂ ನೆನಪಿಟ್ಟುಕೊಂಡಿಲ್ಲ.

ಈ ಪದವನ್ನು ಇಡೀ ಪ್ರಪಂಚದ ಕಣ್ಣ ಮುಂದೆ ತಂದಿಟ್ಟದ್ದು ಮೈಕ್ರೋಸಾಫ್ಟ್. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾದಾಗ ಪರದೆಯ ಎಡಮೂಲೆಯಲ್ಲಿ ‘ಸ್ಟಾರ್ಟ್’ ಎಂಬ ಗುಂಡಿ ಇತ್ತು. ಕಂಪ್ಯೂಟರ್ ಮುಂದೆ ಮೊದಲ ಸಲ ಕೂತ ನಮ್ಮಂಥವರಿಗೆ ಅದೊಂದು ದೊಡ್ಡ ಉಪಕಾರ. ಎಲ್ಲಿಂದ ಹೊರಡಬೇಕು ಎಂದು ಗೊತ್ತಿಲ್ಲದವನಿಗೆ ಇಲ್ಲಿಂದ ಅಂತ ಕೈ ಹಿಡಿದು ತೋರಿಸಿದಂತೆ. ಕಂಪ್ಯೂಟರ್ ಆಫ್ ಮಾಡುವುದಕ್ಕೂ ಅದೇ ‘ಸ್ಟಾರ್ಟ್’ ಒತ್ತಬೇಕಿತ್ತು ಎಂಬ ನಗೆಚಾಟಿಕೆ ಆಗಲೇ ಹುಟ್ಟಿತು. 2012ರಲ್ಲಿ ವಿಂಡೋಸ್ 8 ಬಂದಾಗ ಆ ಗುಂಡಿಯನ್ನೇ ತೆಗೆದರು. ಜನ ಎಷ್ಟು ಗೊಣಗಿದರೆಂದರೆ ಮರುವರ್ಷ 8.1ರಲ್ಲಿ ವಾಪಸು ತಂದರು. ಆರಂಭದ ಜಾಗ ಕಾಣದಿದ್ದರೆ ಮನುಷ್ಯನಿಗೆ ಕಸಿವಿಸಿ.

ನನ್ನ ವೃತ್ತಿಯಲ್ಲಿ ಈ ಜಾಗವನ್ನು ಕರಾರುವಾಕ್ಕಾಗಿ ಗುರುತು ಮಾಡುವುದೇ ಒಂದು ಶಾಸ್ತ್ರ. ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಬಳಕೆಗೆ ತಂದ ಪಟ್ಟಿಗಳ ಚಾರ್ಟಿನಲ್ಲಿ ಪ್ರತಿ ಪಟ್ಟಿಯ ಎಡ ಅಂಚು ಸ್ಟಾರ್ಟ್. 1950ರ ದಶಕದ ಕೊನೆಯಲ್ಲಿ ಬಂದ ಕ್ರಿಟಿಕಲ್ ಪಾತ್ ವಿಧಾನದಲ್ಲಿ ಒಂದೊಂದು ಕೆಲಸಕ್ಕೂ ಎರಡೆರಡು ಸ್ಟಾರ್ಟ್: ಬೇಗ ಅಂದರೆ ಯಾವತ್ತು ಶುರುಮಾಡಬಹುದು, ತಡ ಅಂದರೆ ಯಾವತ್ತು ಶುರುಮಾಡಲೇಬೇಕು. ಇವೆರಡರ ನಡುವಿನ ಅಂತರಕ್ಕೆ ‘ಫ್ಲೋಟ್’ ಎಂದು ಹೆಸರು. ಫ್ಲೋಟ್ ಇರುವಷ್ಟು ದಿನ ಕೈಕಟ್ಟಿ ಕೂತರೂ ಕೊನೆಯ ದಿನಾಂಕ ಕದಲುವುದಿಲ್ಲ. ಇನ್ನೊಂದು ಕೆಲಸ ಮುಗಿದ ಮೇಲೆ ಮಾತ್ರ ಇದು ಶುರುವಾಗಬೇಕು ಎಂದಿದ್ದರೆ ಅದು ‘ಫಿನಿಶ್ ಟು ಸ್ಟಾರ್ಟ್’. ಎಷ್ಟು ಕೆಲಸವಾಗಿದೆ ಎಂದು ಹಣದ ಲೆಕ್ಕದಲ್ಲಿ ಅಳೆಯುವಾಗ ‘50/50’ ಎಂಬ ಒಂದು ನಿಯಮವೂ ಇದೆ. ಕೆಲಸ ಸ್ಟಾರ್ಟ್ ಆದ ಕೂಡಲೇ ಅರ್ಧ ಮುಗಿದಂತೆ ಲೆಕ್ಕಕ್ಕೆ ಹಿಡಿಯುವುದು, ಉಳಿದರ್ಧ ಪೂರ್ತಿ ಮುಗಿದ ಮೇಲೆ. ಸಣ್ಣ ಸಣ್ಣ ಕೆಲಸಗಳಿಗೆ ಇದು ಅನುಕೂಲದ ನಿಯಮವೇ. ಆದರೆ ಒಮ್ಮೆ ಯೋಚಿಸಿ. ಮುಟ್ಟಿದ ಮಾತ್ರಕ್ಕೆ ಅರ್ಧ!

ಈ ನಿಯಮಗಳ ನಡುವೆ ಬೆಳೆದ ಟೀಮುಗಳಲ್ಲಿ ‘ಸ್ಟಾರ್ಟೆಡ್’ ಎಂಬುದು ಒಂದು ಅಭಯಹಸ್ತ. ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಒಂದು ಫೈಲು ತೆರೆದು ಹೆಸರಿಟ್ಟು ಮುಚ್ಚಿದರೂ ಸ್ಟಾರ್ಟೆಡ್. ಮೂರು ದಿನದಿಂದ ಅದರೊಳಗೇ ಮುಳುಗಿದ್ದರೂ ಸ್ಟಾರ್ಟೆಡ್. ಪದ ಸುಳ್ಳು ಹೇಳುತ್ತಿಲ್ಲ. ಅದು ಹುಟ್ಟಿದ್ದೇ ಆ ಒಂದು ನೆಗೆತವನ್ನು ಹೇಳಲು.

ನನ್ನ ಟೀಮಿನಲ್ಲಿ ಧಾರವಾಡದ ಕಡೆಯ ಒಬ್ಬರಿದ್ದಾರೆ. ಪುಣೆಯಲ್ಲಿ ನನಗಿಂತ ಹಳಬರು, ಮರಾಠಿ ನೀರು ಕುಡಿದಷ್ಟು ಸಲೀಸು. ನಾವಿಬ್ಬರೇ ಇದ್ದಾಗ ಮಾತ್ರ ಕನ್ನಡ. ಒಂದು ದಿನ ‘ಆ ಮೈಗ್ರೇಶನ್ ಸ್ಕ್ರಿಪ್ಟ್ ಶುರುವಾಯ್ತಾ?’ ಎಂದು ಕೇಳಿದೆ. ‘ಮಾಡ್ಲಿಕ್ಕೆ ಹತ್ತೇನ್ರಿ’ ಅಂದರು.

‘ಅಂದ್ರೆ ಶುರು ಮಾಡಿದ್ದೀರಾ, ಇಲ್ಲಾ ಮಾಡ್ತಾ ಇದ್ದೀರಾ?’

‘ಎರಡೂ ಒಂದ ಅಲ್ಲೇನ್ರಿ? ಹತ್ತೇನಿ ಅಂದ ಮ್ಯಾಲೆ ಮಾಡೂದು ಇದ್ದ ಇರ್ತದಲ್ಲ.’

ನಾನು ನನ್ನ ಮೂರು ಖಾನೆಗಳ ಹಾಳೆ ನೋಡಿದೆ. ಅವರ ಉತ್ತರಕ್ಕೆ ಅದರಲ್ಲಿ ಜಾಗ ಇರಲಿಲ್ಲ. ಉತ್ತರ ಕರ್ನಾಟಕದಲ್ಲಿ ‘ಮಳಿ ಬರಾಕ ಹತ್ತೇತಿ’ ಅಂದರೆ ಮಳೆ ಬರಲು ಶುರುವಾಗಿದೆ, ಇನ್ನೂ ಬರುತ್ತಲೇ ಇದೆ. ಶುರುವಾದದ್ದು ಮತ್ತು ನಡೆಯುತ್ತಿರುವುದು ಒಂದೇ ಕ್ರಿಯಾಪದದಲ್ಲಿ. ‘ಹತ್ತು’ ಎಂದರೆ ಏರುವುದು, ಅಂಟಿಕೊಳ್ಳುವುದು, ಹೊತ್ತಿಕೊಳ್ಳುವುದು. ಬೆಂಕಿ ಹತ್ತಿತು ಎಂದರೆ ಕಡ್ಡಿ ಗೀರಿದ ಕ್ಷಣ ಅಲ್ಲ, ಸೌದೆ ಹಿಡಿದುಕೊಂಡ ಮೇಲಿನ ಮಾತು.

ನಮ್ಮ ಹಳೆ ಮೈಸೂರಿನ ಕಡೆ ಈ ಬಳಕೆ ಇಲ್ಲ. ಬರೆಯುವ ಕನ್ನಡದಲ್ಲಿ ಇದರ ಜೊತೆಗಾರ ಪದ ಇದೆ, ‘ತೊಡಗು’. ಮಳೆ ಸುರಿಯತೊಡಗಿತು, ಮಗು ಅಳತೊಡಗಿತು. ಇಲ್ಲೂ ಅದೇ ಗುಣ. ಸುರಿಯತೊಡಗಿದ ಮಳೆ ಮುಂದಿನ ವಾಕ್ಯದವರೆಗೂ ಸುರಿಯುತ್ತಿರುತ್ತದೆ. ‘ಕೆಲಸದಲ್ಲಿ ತೊಡಗಿದ್ದಾನೆ’ ಅಂದರಂತೂ ಶುರುವಿನ ಸುದ್ದಿಯೇ ಇಲ್ಲ, ಅವನು ಅದರೊಳಗಿದ್ದಾನೆ. ‘ತೊಡಗಿಸಿಕೊಳ್ಳು’ ಎಂದರೆ ಮೈಮನಸ್ಸು ಎರಡನ್ನೂ ಅದಕ್ಕೆ ಕೊಡುವುದು. ಕಿವಿಗೆ ‘ತೊಡಕು’ ಎಂಬ ಪದವೂ ಪಕ್ಕದಲ್ಲೇ ಕೇಳುತ್ತದೆ. ತೊಡಗಿದವನಿಗೆ ತೊಡಕು ಇದ್ದದ್ದೇ. ಸ್ಟಾರ್ಟ್ ಮಾಡಿ ಬಿಟ್ಟವನಿಗೆ ಯಾವ ತೊಡಕೂ ಇಲ್ಲ.

ನಮಗೆ ನೆಗೆತದ ಪದಗಳು ಇಲ್ಲ ಎಂದಲ್ಲ. ‘ಶುರು’ ಅಂಥದ್ದೇ. ಅರಬ್ಬಿಯಲ್ಲಿ ಹುಟ್ಟಿ, ಫಾರಸಿ, ಉರ್ದುಗಳ ದಾರಿಯಲ್ಲಿ ನಮ್ಮ ಅಡುಗೆಮನೆಯವರೆಗೂ ಬಂದು ಕನ್ನಡದ್ದೇ ಆಗಿಹೋಗಿದೆ. ಮರಾಠಿಯವರು ‘ಸುರು’, ‘ಸುರುವಾತ್’ ಅನ್ನುತ್ತಾರೆ, ಇಲ್ಲವೇ ‘ಶ್ರೀಗಣೇಶಾ’ ಮಾಡುತ್ತಾರೆ. ನಾವು ‘ಶ್ರೀಕಾರ’ ಹಾಕುತ್ತೇವೆ, ‘ನಾಂದಿ’ ಹಾಡುತ್ತೇವೆ, ಮಂತ್ರಿಗಳಿದ್ದರೆ ‘ಗುದ್ದಲಿ ಪೂಜೆ’ ಮಾಡುತ್ತೇವೆ. ಗುದ್ದಲಿ ಪೂಜೆಯಾಗಿ ಹತ್ತು ವರ್ಷ ಕಳೆದರೂ ಗುದ್ದಲಿ ಮತ್ತೆ ನೆಲ ಮುಟ್ಟದ ರಸ್ತೆಗಳು ಎರಡೂ ರಾಜ್ಯಗಳಲ್ಲಿ ಬೇಕಾದಷ್ಟಿವೆ. ಇಂಗ್ಲಿಷಿನ ‘ಸ್ಟಾರ್ಟಪ್’ಗೆ ಕನ್ನಡ ಪತ್ರಿಕೆಗಳು ‘ನವೋದ್ಯಮ’ ಎಂಬ ಪದ ಕೊಟ್ಟಿವೆ. ಗಮನಿಸಿ, ಅದರಲ್ಲಿ ಶುರು ಎಂಬ ಅರ್ಥವೇ ಇಲ್ಲ. ಉದ್ಯಮ ಅಂದರೆ ಪರಿಶ್ರಮ, ಹೊಸದಾಗಿ ಮೈಬಗ್ಗಿಸುವುದು. ಯಾರು ಮೊದಲು ಬರೆದರೋ, ಅವರ ಕಿವಿ ಚೆನ್ನಾಗಿತ್ತು.

ಇನ್ನು ಉಳಿದದ್ದು ‘ಆರಂಭ’. ಈ ವರ್ಷದ ಕಾರಣ ಎಂದು ಹೇಳಿದ್ದು ಇದೇ.

ಯುಗಾದಿ ಕಳೆದು ವಾರವಾಗಿತ್ತು. ಊರಿನಿಂದ ಅಪ್ಪನ ಫೋನು. ನಮ್ಮಪ್ಪನಿಗೆ ಈಗ ಎಪ್ಪತ್ತನಾಲ್ಕು. ಮೂರೂವರೆ ಎಕರೆ ಹೊಲ, ಮಳೆಯನ್ನೇ ನಂಬಿದ ರಾಗಿ, ಅಕ್ಕಡಿಯಲ್ಲಿ ಅವರೆ, ತೊಗರಿ. ಫೋನು ಸ್ಪೀಕರಿನಲ್ಲಿತ್ತು, ಮಗಳು ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ಮಾತು ಮಳೆ, ಮಂಡಿನೋವು, ಪಕ್ಕದ ಮನೆಯ ಮದುವೆ ಎಲ್ಲ ಸುತ್ತಿ ಬಂದು ಕೊನೆಗೆ ಅಪ್ಪ ಹೇಳಿದರು:

‘ಈ ಸಲ ಆರಂಬ ಬುಟ್ಬುಟ್ಟೆ ಕನಪ್ಪ. ಆಗಾಕಿಲ್ಲ. ಎತ್ತುನೂವೆ ಕೊಟ್ಬುಟ್ಟೆ.’

ನಾನು ಏನೂ ಹೇಳಲಾಗದೆ ಕೂತೆ. ಫೋನು ಇಟ್ಟ ಮೇಲೆ ಮಗಳು ತಲೆಯೆತ್ತಿ ಕೇಳಿದಳು: ‘ಅಪ್ಪಾ, ತಾತ ಬಿಗಿನಿಂಗ್ ಬಿಟ್ರಾ? ಬಿಗಿನಿಂಗನ್ನ ಹೇಗೆ ಬಿಡೋದು? ಎಂಡ್ ಅಲ್ವಾ ಬಿಡೋದು?’

ಅವಳ ತಪ್ಪಿಲ್ಲ. ಭಾನುವಾರದ ಕನ್ನಡ ತರಗತಿಯಲ್ಲಿ ಅವಳು ಬರೆದುಕೊಂಡಿದ್ದದ್ದು ‘ಆರಂಭ ಅಂದರೆ ಸ್ಟಾರ್ಟ್’ ಎಂದು. ಮಂಡ್ಯ, ಹಾಸನ, ತುಮಕೂರಿನ ಹಳ್ಳಿಗಳಲ್ಲಿ ಆರಂಬ ಅಂದರೆ ಬೇಸಾಯ ಎಂದು ಪುಣೆಯಲ್ಲಿ ಹುಟ್ಟಿದ ಮಗುವಿಗೆ ಯಾರು ಹೇಳಬೇಕು? ರೈತನಿಗೆ ನಮ್ಮಲ್ಲಿ ಆರಂಬಗಾರ ಎನ್ನುತ್ತಾರೆ. ಹೆಣ್ಣು ಕೇಳಲು ಬಂದವರು ‘ನಿಮ್ಗೆ ಆರಂಬ ಎಷ್ಟದೆ?’ ಎಂದು ವಿಚಾರಿಸುತ್ತಿದ್ದ ಕಾಲ ಒಂದಿತ್ತು. ಮಹಾಪ್ರಾಣ ಬಿದ್ದುಹೋಗಿ ‘ಭ’ ಎಂಬುದು ‘ಬ’ ಆಗಿದೆ, ಆದರೆ ಪದ ಅದೇ.

ಆ ರಾತ್ರಿ ಮಗಳಿಗೆ ವಿವರಿಸುತ್ತಾ ನನಗೂ ಕುತೂಹಲ ಕೆರಳಿತು. ‘ಶುರು’ ಎಂಬ ಅರ್ಥದ ಪದ ಬೇಸಾಯದ ಹೆಸರಾದದ್ದು ಹೇಗೆ? ಸಂಸ್ಕೃತದಲ್ಲಿ ಆರಂಭದ ಧಾತುವಿಗೆ ಹಿಡಿ, ಕೈಗೆ ತೆಗೆದುಕೊ ಎಂಬ ಅರ್ಥ. ‘ಪರಿರಂಭ’ ಎಂದರೆ ಅಪ್ಪುಗೆ, ಅದೂ ಅದೇ ಧಾತುವಿನದು. ಅಂದರೆ ಆರಂಭ ಎಂದರೆ ಮೂಲದಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುವುದು. ಕನ್ನಡದ ‘ಕೈಗೊಳ್ಳು’, ‘ಕೈಗೆತ್ತಿಕೊಳ್ಳು’ ಎಂಬುವೂ ಇದೇ ಚಿತ್ರ. ಹಿಡಿದದ್ದನ್ನು ಬಿಡದಿರುವವನು ಆರಂಬಗಾರ. ಪುಸ್ತಕದ ಕನ್ನಡ ಆ ಪದದಿಂದ ಮೊದಲ ಕ್ಷಣವನ್ನು ಮಾತ್ರ ಇಟ್ಟುಕೊಂಡಿತು. ನಮ್ಮೂರಿನವರು ಆ ಹಿಡಿತವನ್ನು ಇಟ್ಟುಕೊಂಡರು.

ಹೊಲದಲ್ಲಿ ಶುರು ಎಂಬುದು ಯಾವ ದಿನ? ನನ್ನ ಹಾಳೆಯ ರೀತಿಯಲ್ಲಿ ಇದನ್ನು ಗುರುತಿಸಲು ನೋಡಿದೆ. ನಮ್ಮ ಕಡೆ ಯುಗಾದಿಯ ದಿನ ಹೊನ್ನಾರು ಕಟ್ಟುತ್ತಾರೆ. ಎತ್ತಿನ ಮೈ ತೊಳೆದು, ಅಲಂಕಾರ ಮಾಡಿ, ನೇಗಿಲಿಗೆ ಪೂಜೆ ಮಾಡಿ ಹೊಲದಲ್ಲಿ ಮೊದಲ ಸಾಲು ಹೊಡೆಯುವುದು. ಅದು ಸ್ಟಾರ್ಟ್ ಡೇಟೇ? ಅಲ್ಲ. ಅಷ್ಟರಲ್ಲಿ ಮಾಗಿ ಉಳುಮೆ ಆಗಿರುತ್ತದೆ. ರಾಗಿ ಕೊಯ್ದು ಹೊಲದಲ್ಲಿ ಇನ್ನೂ ಪಸೆ ಇರುವಾಗಲೇ ಮುಂದಿನ ಬೆಳೆಗೆ ನೆಲ ತಿರುವಿ ಹಾಕುವುದು ಮಾಗಿ ಉಳುಮೆ. ಈ ವರ್ಷದ ರಾಗಿ ಇನ್ನೂ ಮೆದೆಯಲ್ಲಿರುತ್ತದೆ, ಕಣ ಆಗಿರುವುದಿಲ್ಲ, ತೂರಿ ಮನೆಗೆ ಬಂದಿರುವುದಿಲ್ಲ. ಬರುವ ವರ್ಷದ್ದು ಆಗಲೇ ಶುರುವಾಗಿರುತ್ತದೆ. ‘ಫಿನಿಶ್ ಟು ಸ್ಟಾರ್ಟ್’ ಎಂಬ ಬಾಣದ ಗುರುತನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕು?

ಗೊಬ್ಬರ ಹೊಡೆಯುವುದು ಶುರುವೇ? ಆ ಗೊಬ್ಬರ ತಿಪ್ಪೆಯಲ್ಲಿ ಇಡೀ ವರ್ಷ ಬಿದ್ದು ಕಳಿತದ್ದು. ಬಿತ್ತನೆ ಶುರುವೇ? ಬಿತ್ತನೆಯ ರಾಗಿಯನ್ನು ಹಿಂದಿನ ಸುಗ್ಗಿಯಲ್ಲೇ ಒಳ್ಳೆಯ ತೆನೆ ನೋಡಿ ಎತ್ತಿಟ್ಟಿರುತ್ತಾರೆ. ಎಲ್ಲಿ ಕೈ ಇಟ್ಟರೂ ಅದಕ್ಕೆ ಹಿಂದಿನದೊಂದು ಕೆಲಸ ಇದೆ. ಅಪ್ಪನನ್ನು ಕೇಳಿದರೆ ‘ಶುರು ಅಂತ ಎಲ್ಲದೆ? ಮಾಡ್ತಾ ಇರಾದಷ್ಟೆಯ’ ಎಂದರು. ನಮ್ಮ ಧಾರವಾಡದವರ ಮಾತೇ ಬೇರೆ ವೇಷದಲ್ಲಿ.

ಹಾಗೆಂದು ಹೊಲದಲ್ಲಿ ದಿನಾಂಕಕ್ಕೆ ಬೆಲೆ ಇಲ್ಲ ಎಂದಲ್ಲ. ನಮ್ಮ ಯಾವ ಪ್ರಾಜೆಕ್ಟಿಗಿಂತಲೂ ಬಿಗಿಯಾದ ದಿನಾಂಕ ಅಲ್ಲಿಯದು, ಅದನ್ನು ಬರೆದಿಡಲಾಗುವುದಿಲ್ಲ ಅಷ್ಟೇ. ಹದ ಬಂದಾಗ ಹರಗು, ಬೆದೆ ಬಂದಾಗ ಬಿತ್ತು ಎಂಬ ಗಾದೆ ಇದೆ. ಮಳೆ ಹೊಯ್ದ ಕೂಡಲೇ ನೇಗಿಲು ಹೂಡಿದರೆ ಕೆಸರು, ಹೆಂಟೆ ಕಟ್ಟಿಕೊಳ್ಳುತ್ತದೆ. ತಡ ಮಾಡಿದರೆ ಬಿಸಿಲಿಗೆ ನೆಲ ಗಡುಸಾಗುತ್ತದೆ. ನಡುವೆ ಸಿಗುವ ಎರಡು ಮೂರು ದಿನವೇ ಹದ. ನಮ್ಮ ಕೆಂಪು ಮಣ್ಣಿನಲ್ಲಿ ಆ ಫ್ಲೋಟ್ ಅಷ್ಟೇ. ಅದು ಯಾವ ದಿನ ಎಂದು ಮೊಬೈಲು ಹೇಳುವುದಿಲ್ಲ. ಅಪ್ಪ ಹೊಲಕ್ಕೆ ಹೋಗಿ, ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಅದುಮಿ, ಉಂಡೆಯನ್ನು ಬೆರಳಿನಿಂದ ತಟ್ಟುತ್ತಾರೆ. ಉದುರಿದ ರೀತಿ ನೋಡಿ ‘ನಾಳಿಕೆ’ ಅನ್ನುತ್ತಾರೆ. ಆ ನಾಳೆಗೆ ಎತ್ತು, ನೇಗಿಲು, ಹಗ್ಗ, ಆಳು ಎಲ್ಲ ಸಿದ್ಧವಿರಬೇಕು. ಹೀಗೆ ವರ್ಷವಿಡೀ ತೊಡಗಿಕೊಂಡವನಿಗೆ ಮಾತ್ರ ಆ ನಾಳೆ ದಕ್ಕುತ್ತದೆ. ಅವತ್ತು ಬಂದು ಸ್ಟಾರ್ಟ್ ಮಾಡುತ್ತೇನೆ ಅಂದವನಿಗೆ ಅಲ್ಲ.

ಅಪ್ಪ ಬಿಟ್ಟದ್ದು ಇದನ್ನು. ಮಗಳ ಪ್ರಶ್ನೆ ಪೆದ್ದು ಪ್ರಶ್ನೆಯೇನೂ ಆಗಿರಲಿಲ್ಲ. ಬಿಡುವುದಕ್ಕೆ ಸಾಧ್ಯವಿರುವುದು ಹಿಡಿದುಕೊಂಡಿದ್ದನ್ನು ಮಾತ್ರ. ಸ್ಟಾರ್ಟನ್ನು ಯಾರೂ ಬಿಡಲಾಗುವುದಿಲ್ಲ, ಅದು ಆ ಕ್ಷಣವೇ ಕಳೆದುಹೋಗಿರುತ್ತದೆ. ಆರಂಬವನ್ನು ಬಿಡಬಹುದು.

ಇಷ್ಟು ವರ್ಷ ಪರಊರಿನಲ್ಲಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ನಾನು 2008ರಲ್ಲಿ ಆರು ತಿಂಗಳ ಕೆಲಸವೆಂದು ಪುಣೆಗೆ ಬಂದವನು. ‘ಪುಣೆಯ ಬದುಕು ಯಾವಾಗ ಶುರುವಾಯ್ತು?’ ಎಂದು ಕೇಳಿದರೆ ರೈಲು ಇಳಿದ ದಿನಾಂಕ ಹೇಳಬಲ್ಲೆ, ಆದರೆ ಅದು ಸ್ಟಾರ್ಟ್ ಡೇಟ್ ಮಾತ್ರ. ಇಲ್ಲಿಗೆ ಹತ್ತಿಕೊಂಡದ್ದು ಯಾವಾಗ? ತರಕಾರಿಯವಳ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡಿ ನಕ್ಕ ದಿನವೋ, ಮಗಳಿಗೆ ಶಾಲೆ ಹುಡುಕಿದ ವರ್ಷವೋ, ಊರಿನಲ್ಲಿದ್ದಾಗ ‘ಮನೆಗೆ ಹೋಗ್ಬೇಕು’ ಎಂದು ಪುಣೆಯನ್ನು ನೆನೆದು ಬಾಯಿತಪ್ಪಿ ಅಂದ ಗಳಿಗೆಯೋ? ನಿಮ್ಮಲ್ಲೂ ಅನೇಕರು ಮುಂಬಯಿಗೋ ಹೈದರಾಬಾದಿಗೋ ಹೀಗೇ ಬಂದಿರುತ್ತೀರಿ. ಅಂಥ ತಾರೀಖು ನಿಮ್ಮ ಹತ್ತಿರವೂ ಇರಲಾರದು.

ಅಪ್ಪ ಆ ಫೋನಿನ ಮಾರನೆಯ ವಾರ ಇನ್ನೊಂದು ಮಾತು ಕೇಳಿದರು. ‘ನಿನ್ಗೇನಾರ ಮಾಡ್ಸೋ ಮನ್ಸದಾ? ಇದ್ರೆ ಯೋಳು. ಇಲ್ದಿದ್ರೆ ವಾರಕ್ಕೆ ಕೊಟ್ಬುಡ್ತೀನಿ.’ ಮಾಡ್ಸೋದು ಎಂಬ ಪದವನ್ನು ಅಳೆದು ಆಡಿದ್ದರು, ಮಾಡೋದು ಎಂದಲ್ಲ. ಈಗಿನ ಕಾಲದಲ್ಲಿ ಸ್ಟಾರ್ಟ್ ಮಾಡುವುದು ಸುಲಭ. ನನ್ನ ಓರಗೆಯ ಎಷ್ಟೋ ಜನ ಊರಲ್ಲಿ ತೋಟ ಸ್ಟಾರ್ಟ್ ಮಾಡಿದ್ದಾರೆ, ಡ್ರಿಪ್ ಹಾಕಿಸಿದ್ದಾರೆ, ವಾಟ್ಸಾಪಿನಲ್ಲಿ ಫೋಟೋ ಬರುತ್ತದೆ. ಕೆಲವರದು ಚೆನ್ನಾಗಿಯೂ ಇದೆ. ನಾನು ಅಪ್ಪನಿಗೆ ಸ್ಟಾರ್ಟ್ ಮಾಡ್ತೀನಿ ಅನ್ನಲಿಲ್ಲ. ಅವರು ಕೇಳುತ್ತಿದ್ದದ್ದು ಅದಲ್ಲ ಎಂದು ಗೊತ್ತಿತ್ತು. ಮಣ್ಣಿನುಂಡೆ ತಟ್ಟಿ ನೋಡಲು ಯಾರಾದರೂ ಅಲ್ಲಿರುತ್ತಾರೋ ಇಲ್ಲವೋ ಎಂಬುದು ಅವರ ಪ್ರಶ್ನೆ. ‘ಈಗ ಆಗಲ್ಲಪ್ಪಾ. ವಾರಕ್ಕೆ ಕೊಡಿ, ಮಾರೋದು ಮಾತ್ರ ಬೇಡ’ ಅಂದೆ.

ಪಕ್ಕದ ಹೊಲದ ಹುಡುಗನೊಬ್ಬನಿಗೆ ಮೂರು ವರ್ಷಕ್ಕೆ ಮಾತಾಯಿತು. ಬೆಳೆದದ್ದರಲ್ಲಿ ಪಾಲು, ಅಕ್ಕಡಿ ಸಾಲು ಕಡ್ಡಾಯ ಎಂದು ಅಪ್ಪನ ಷರತ್ತು. ನನ್ನ ಭಾಷೆಯಲ್ಲಿ ಹೇಳುವುದಾದರೆ ಮೂರು ವರ್ಷದ ಫ್ಲೋಟ್ ಸಿಕ್ಕಿದೆ. ಮುಂಗಾರು ಬಿದ್ದ ಮೇಲೆ ಫೋನು ಮಾಡಿದಾಗ ಅಪ್ಪ ಬದುವಿನ ಮೇಲೆ ಕೂತಿದ್ದರು. ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. ‘ಅದ ಬಂದಿಲ್ಲ, ನಾಳಿಕೆ ಒಡಿಯಪ್ಪ ಅಂದ್ರೆ ಕೇಳಾಕಿಲ್ಲ. ಟ್ಯಾಕ್ಟ್ರು ಇವತ್ತೇ ಸಿಗಾದಂತೆ’ ಎಂದು ಗೊಣಗಿದರು. ಹದಕ್ಕೆ ನಮ್ಮ ಕಡೆ ‘ಅದ’ ಅನ್ನುತ್ತಾರೆ. ಆರಂಬ ಬಿಟ್ಟವರ ಗೊಣಗಾಟದ ಹಾಗೆ ಅದು ಕೇಳಲಿಲ್ಲ.

ಆಫೀಸಿನಲ್ಲಿ ನಾನು ಹಾಳೆಯ ಖಾನೆಗಳನ್ನು ಬದಲಾಯಿಸಿಲ್ಲ, ಅದು ನನ್ನೊಬ್ಬನ ಕೈಯಲ್ಲಿಯೂ ಇಲ್ಲ. ಆದರೆ ಬೆಳಗಿನ ಮೀಟಿಂಗಿನಲ್ಲಿ ‘ಸ್ಟಾರ್ಟ್ ಆಯ್ತಾ?’ ಎಂದು ಕೇಳುವುದನ್ನು ಕಡಿಮೆ ಮಾಡಿದ್ದೇನೆ. ‘ಇದು ಸದ್ಯ ಯಾರ ಕೈಯಲ್ಲಿದೆ?’ ಎಂದು ಕೇಳುತ್ತೇನೆ. ಇಂಗ್ಲಿಷಿನಲ್ಲೇ ಕೇಳುತ್ತೇನೆ, ಪ್ರಶ್ನೆ ಮಾತ್ರ ಕನ್ನಡದ್ದು. ಎರಡು ಬಗೆಯ ಉತ್ತರ ಬರುತ್ತದೆ. ಒಬ್ಬರ ಹೆಸರು ಬಂದರೆ ನಾನು ಮುಂದಿನ ಸಾಲಿಗೆ ಹೋಗುತ್ತೇನೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರೆ, ಸ್ಟೇಟಸ್ ಏನೇ ಇರಲಿ, ಅಲ್ಲೇ ನಿಲ್ಲುತ್ತೇನೆ.

ಮಗಳು ಕನ್ನಡ ತರಗತಿಯ ನೋಟ್‌ಬುಕ್ಕಿನಲ್ಲಿ ತಾನೇ ಒಂದು ಸಾಲು ಸೇರಿಸಿಕೊಂಡಿದ್ದಾಳೆ. ಮೇಲೆ ‘ಆರಂಭ: ಸ್ಟಾರ್ಟ್’ ಎಂದಿದೆ. ಕೆಳಗೆ ಪೆನ್ಸಿಲಿನಲ್ಲಿ ‘ಆರಂಬ: ತಾತ ಮಾಡುತ್ತಿದ್ದದ್ದು’. ಭೂತಕಾಲ. ಇವತ್ತಿಗೆ ಆ ವ್ಯಾಕರಣ ಸರಿಯಾಗಿದೆ. ಮೂರು ವರ್ಷದ ಮೇಲೂ ಸರಿಯಾಗಿರುತ್ತದೋ, ಬದಲಾಯಿಸಬೇಕಾಗುತ್ತದೋ ನೋಡಬೇಕು. ಸದ್ಯಕ್ಕೆ ಪೆನ್ಸಿಲಿನಲ್ಲಿರುವುದನ್ನು ಹಾಗೇ ಬಿಟ್ಟಿದ್ದೇನೆ.